ಬಲೆಮನೆಯ ಕದಿರು

ಮೂಡಿಗೆರೆಯ ಹೊರವಲಯದ ಪ್ರಯೋಗಾಲಯದಲ್ಲಿ ಧನ್ಯಾ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಕಟ್ಟುಬಿದ್ದಿದ್ದಳು: ಮಲೆನಾಡಿನ ಭತ್ತಕ್ಕೆ ಪೈರನ್ನು ಸುಟ್ಟಂತೆ ಒಣಗಿಸುವ ಬೆಂಕಿರೋಗವನ್ನು ತಡೆಯುವ ಶಕ್ತಿ ಕೊಡುವುದು. ಕಾಳಿನ ಭ್ರೂಣದಿಂದ ಬೆಳೆಸಿದ ಜೀವಕೋಶದ ಮುದ್ದೆಗಳಿಗೆ ಬ್ಯಾಕ್ಟೀರಿಯದ ಮೂಲಕ ಹೊಸ ಜೀನನ್ನು ಸೇರಿಸಿ, ಅದನ್ನು ಸ್ವೀಕರಿಸದ ಕೋಶಗಳನ್ನು ಕೊಲ್ಲುವ ಔಷಧಿಯ ಮೇಲೆ ಇಟ್ಟಿದ್ದಳು. ತಟ್ಟೆತಟ್ಟೆಗಳೇ ಕಂದಿ ಕಪ್ಪಾದವು. ಹಸಿರೊಡೆದದ್ದು ಒಂದೇ ಮುದ್ದೆ. ಅದರಿಂದ ಬಂದ ಗಿಡವೀಗ ಸುತ್ತಲೂ ಸಣ್ಣಕಣ್ಣಿನ ಬಲೆ ಹೊದಿಸಿದ ಬಲೆಮನೆಯಲ್ಲಿ ತೆನೆ ಬಿಟ್ಟಿತ್ತು. ಒಂದು ಕಾಳೂ ಹೊರಗೆ ಹೋಗಬಾರದು, ಹೋದರೆ ಗಿಡವನ್ನೇ ಸುಡಬೇಕು ಎಂಬುದು ಸರ್ಕಾರದ ಷರತ್ತು. ಆದುದರಿಂದ ಪ್ರತಿ ತೆನೆಗೂ ಕಾಗದದ ಚೀಲ ಕಟ್ಟಿತ್ತು.

ಹೊಸ ಕದಿರನ್ನು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದ ಬೆಳಿಗ್ಗೆ, ಬಣಕಲ್ಲಿನಲ್ಲಿರುವ ತಮ್ಮ ಅಣ್ಣ ಲಿಂಗಪ್ಪನವರ ಮನೆಗೆ ಹೊರಟಿದ್ದ ತಾಯಿ ಸರ್ವಮಂಗಳಾ ಮಗಳ ಕೆಲಸವನ್ನು ನೋಡಬೇಕೆಂದರು. ಹೊರಗಿನವರನ್ನು ಬಿಡಬಾರದೆಂದು ತಿಳಿದೂ ಧನ್ಯಾ ಅವರನ್ನು ಒಳಗೆ ಕರೆದೊಯ್ದಳು. ಯಾರೋ ಕರೆದರೆಂದು ಕ್ಷಣಕಾಲ ತಾಯಿಯೊಬ್ಬರನ್ನೇ ಬಿಟ್ಟು ಹೋದಳು. ತಾಯಿ ಹೊರಟುಹೋದ ಮೇಲೆ ನೋಡಿದರೆ ಒಂದು ಚೀಲ ಬರಿದಾಗಿತ್ತು.

ಅವಳು ಗಿಡದ ಸುತ್ತಲ ನೆಲವನ್ನೆಲ್ಲ ಹುಡುಕಿದಳು. ತಾಯಿಗೆ ಫೋನ್ ಮಾಡಿದಳು.

"ಒಂದೇ ಒಂದು ಕದಿರು ಕಣೆ," ಎಂದರು ಸರ್ವಮಂಗಳಾ. "ನಿನ್ನ ಮಾವನ ಗದ್ದೆಯೆಲ್ಲ ಕಾಫಿ ತೋಟ ಆಯ್ತಲ್ಲ. ಹೊಸ್ತಿನ ಕದಿರಿಗೆ ಕಂಡವರ ಗದ್ದೆಗೆ ಹೋಗ್ಬೇಕಾ? ಮಗಳೇ ಬೆಳೆದಿದಾಳೆ ಅಂತ ತಂದೆ."

ಧನ್ಯಾ ಬಣಕಲ್ ಮುಟ್ಟುವ ವೇಳೆಗೆ ಕದಿರನ್ನು ಬಾಗಿಲಿಗೆ ಕಟ್ಟಿಯಾಗಿತ್ತು. ತಾಯಿ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಸುಲಿದ ಹೊಸ ಅಕ್ಕಿ ಕಾಳುಗಳು ಪಾಯಸಕ್ಕೆ ಬೀಳಲು ಬಟ್ಟಲಿನಲ್ಲಿ ಕಾದಿದ್ದವು. ಅವಳು ಬಟ್ಟಲನ್ನು ಎತ್ತಿಕೊಂಡಳು, ಕದಿರನ್ನೂ ಬಿಚ್ಚಿದಳು. ಊಟದ ಎಲೆಯ ಮುಂದೆ ಕುಳಿತಿದ್ದವರು ತಲೆಯೆತ್ತಿ ನೋಡಿದರು.

"ಏನ್ ಮಾರಾಯ್ತಿ, ವಿಷ ಬೆಳ್ದಿದೀಯ?" ಎಂದರು ಲಿಂಗಪ್ಪ.

"ವಿಷ ಅಲ್ಲ ಮಾವ. ಯಾರೂ ತಿಂದು ನೋಡಿಲ್ಲ, ಅಷ್ಟೇ."

ಕದಿರಿನಲ್ಲಿ ಉಳಿದದ್ದನ್ನೂ ಬಟ್ಟಲಿನಲ್ಲಿದ್ದುದನ್ನೂ ಸೇರಿಸಿ ಎಣಿಸಿದಳು. ಕಡ್ಡಿಯ ಮೇಲಿದ್ದ ಗುರುತುಗಳಷ್ಟು ಕಾಳುಗಳಿರಲಿಲ್ಲ, ಕೆಲವು ಎಲ್ಲೋ ಉದುರಿಹೋಗಿದ್ದವು. ಹಿತ್ತಲಿನಲ್ಲಿ ಕೋಳಿಗಳು ಕೆದರುತ್ತಿದ್ದವು. ಅದರಾಚೆ ಬೇಲಿ, ಬೇಲಿಯ ಕೆಳಗೆ ಪಕ್ಕದವರ ಗದ್ದೆ.

ಲಿಂಗಪ್ಪ ಎದ್ದು ಹತ್ತಿರ ಬಂದರು. "ಇಲಿ ತಿಂತು ಅಂತ ಹೇಳು. ಯಾರು ಕೇಳ್ತಾರೆ?"

ಯಾರೂ ಕೇಳಲಾರರು, ಅದು ಅವಳಿಗೂ ಗೊತ್ತಿತ್ತು. ಬಾಯಿ ಮುಚ್ಚಿಕೊಂಡರೆ ಗಿಡ ಉಳಿಯುತ್ತಿತ್ತು. ಅವಳು ಅಂಗಳಕ್ಕಿಳಿದು, ಪ್ರಯೋಗಾಲಯದ ಮುಖ್ಯಸ್ಥರಾದ ಚಂದ್ರಶೇಖರಪ್ಪನವರಿಗೆ ಫೋನ್ ಮಾಡಿ, ತಾಯಿಯನ್ನು ಒಳಗೆ ಬಿಟ್ಟದ್ದು ತಾನೇ ಎಂಬುದರಿಂದ ಆರಂಭಿಸಿ ಎಲ್ಲವನ್ನೂ ಹೇಳಿದಳು. ಅವರು ಕಾಣೆಯಾದ ಕಾಳುಗಳ ಲೆಕ್ಕ ಕೇಳಿ ಬರೆದುಕೊಂಡರು.

"ಗಿಡ ಸುಡಬೇಕಾಗುತ್ತೆ, ಧನ್ಯಾ. ಗೊತ್ತಲ್ವಾ?"

"ಗೊತ್ತು ಸರ್. ಈ ಹಿತ್ತಲಿಗೂ ಜನ ಕಳಿಸಿ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಸರ್ವಮಂಗಳಾ ಹಿತ್ತಲಿಗೆ ಇಳಿದರು. ಕೋಳಿಗಳನ್ನು ಗೂಡಿಗೆ ಅಟ್ಟಿ ಅಗಳಿ ಹಾಕಿದರು. ಹಬ್ಬದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಕೆಳಗಿನ ಕೆಸರಿನಲ್ಲಿ ಮೊಣಕಾಲೂರಿ, ಉದುರಿದ ಕಾಳುಗಳಿಗಾಗಿ ಹೊಟ್ಟನ್ನು ಒಂದೊಂದಾಗಿ ಆರಿಸತೊಡಗಿದರು.