ಪಕ್ಕದಿಂದ ನೋಡಿದಾಗ

ಗಾಳಿಯಲ್ಲಿ ಕೈಯಾಡಿಸುತ್ತಿದ್ದಾಳೆ, ಕಣ್ಣಿಗೆ ಆ ಕಪ್ಪು ವಿ.ಆರ್. ಡಬ್ಬಿ ಕಟ್ಟಿಕೊಂಡು, ಎರಡೂ ಮುಷ್ಟಿಯಲ್ಲಿ ಒಂದೊಂದು ಹಿಡಿ, ಈ ಪೂನಂ, ಬಸವಕಲ್ಯಾಣದ ನಮ್ಮ ಬಾಗಿಲು ಕೆತ್ತುವ ತಗಡಿನ ಶೆಡ್ಡಿಗೆ ಬಂದು ಇನ್ನೂ ವಾರವಾಗಿಲ್ಲ — ಪರದೆಯಲ್ಲಿ ನವಿಲುಗರಿಯ ಸುತ್ತ ತೇಲುವ ಕೆಂಪು ಚುಕ್ಕೆಗಳು, ಮಷೀನಿಗೆ ಕೊಡುವ ಮೊದಲು ಅಳಿಸಬೇಕಾದ ಸ್ಕ್ಯಾನಿನ ಕಸ, ಒಂದೊಂದಾಗಿ ಆರುತ್ತಿವೆ, ಸೊಳ್ಳೆ ಹೊಡೆದ ಹಾಗೆ, ವ್ಹಾ ವ್ಹಾ ಅನ್ನುತ್ತಿದ್ದಾರೆ ಮಾಲೀಕ ಕಲ್ಲಿನಾಥ ಸೇಠರು, ಯಾರ ಕೈ ಚಲೋ ನಡೀತದ ಅಕಿ ಗುರುಶಾಂತನ ಸಂಗಟ ಹುಮನಾಬಾದ ಅಂಗಡಿಗಿ ಹೋಗ್ಲಿ ಅಂದುಬಿಟ್ಟಿದ್ದಾರೆ ಬೆಳಿಗ್ಗೆಯೇ, ಗುರುಶಾಂತ ನನ್ನ ಗಂಡ ಸೇಠರೇ, ಬಾಗಿಲಿಗೆ ನವಿಲು ಕೆತ್ತುವ ಮಷೀನಲ್ಲ, ಗೆದ್ದವರಿಗೆ ಕೊಟ್ಟು ಕಳಿಸಲು.

ನನ್ನ ಸರದಿ ಮುಗಿದಿದೆ, ಮೌಸಿನಲ್ಲಿ. ಅದಕ್ಕೆ ಮೇಲೆ ಕೆಳಗೆ ಗೊತ್ತು, ಎಡ ಬಲ ಗೊತ್ತು, ಒಳಗೆ ಹೊರಗೆ ಗೊತ್ತಿಲ್ಲ, ಚುಕ್ಕೆಯ ಮೇಲೇ ಇಟ್ಟೆ ಅಂದುಕೊಂಡು ಒತ್ತುತ್ತೇನೆ, ಚಿತ್ರ ತಿರುಗಿಸಿದರೆ ನನ್ನ ಬಾಣ ಎಲ್ಲೋ ಹಿಂದೆ ನೇತಾಡುತ್ತಿರುತ್ತದೆ, ಮತ್ತೆ ಮುಂದೆ ತಾ, ಮತ್ತೆ ತಿರುಗಿಸು, ಆಕೆ ಅಷ್ಟರಲ್ಲಿ ಇಡೀ ಗರಿ ಮುಗಿಸುತ್ತಿದ್ದಾಳೆ. ನನಗೆ ಕಲಿಸಿದ್ದು ಗುರುಶಾಂತನೇ, ಮಂಠಾಳದವರ ದೇವರಮನೆ ಬಾಗಿಲು ನನ್ನ ಮೊದಲ ಕೆಲಸ, ಕೈ ಮೇಲೆ ಕೈಯಿಟ್ಟು, ಹಿಂಗ ಅಲ್ಲ ಭುವನಾ, ಬಾಜೂಕಿಂದ ನೋಡು, ಆಗಿನ್ನೂ ಮದುವೆಯಾಗಿರಲಿಲ್ಲ, ಬೆವತಿತ್ತು ಅವನ ಅಂಗೈ.

ಈಗ ಆ ಕೈ ಪೂನಂಳ ಭುಜದ ಮೇಲಿದೆ, ಬಾಗಿಲಲ್ಲಿ ನಿಂತ ನನಗೆ ಕಾಣುತ್ತಿದೆ, ಹಾಡಹಗಲೇ, ಸೇಠರೆದುರೇ, ಕುರ್ಚಿಯಲ್ಲಿ ರಾಣಿಯ ಹಾಗೆ ಕೂತಿದ್ದಾಳೆ, ಹೌದು ಹೊಟ್ಟೆಕಿಚ್ಚೇ, ಯಾಕೆ ಸುಳ್ಳು ಹೇಳಲಿ, ಆ ಹಿಡಿ ಜಾರಿ ಬಿದ್ದು ಒಡೆಯಲಿ, ಅವಳಿಗೆ ತಲೆ ಸುತ್ತು ಬರಲಿ, ಬರುತ್ತದಂತೆ ಆ ಡಬ್ಬಿ ಹಾಕಿಕೊಂಡರೆ, ಇನ್ನೂ ಯಾಕೆ ಬಂದಿಲ್ಲ — ವೈನಿ, ನೀವೂ ಹಾಕ್ಕೊಂಡು ನೋಡ್ರಿ, ಭಾಳ ಹಗೂರ ಅದ, ಡಬ್ಬಿಯೊಳಗಿನಿಂದಲೇ ಕೂಗುತ್ತಾಳೆ, ನಾನು ವೈನಿಯಾದರೆ ಅವನು ಅಣ್ಣ ಆಗಬೇಕಲ್ಲ, ಒಮ್ಮೆಯಾದರೂ ಅಣ್ಣ ಅಂದಳೇ, ಹಾಳಾದವಳಿಗೆ ದನಿಯೂ ಚೆಂದ.

ನೀರು ಕುಡಿಯುವ ನೆಪ ಮಾಡಿ ಗೋಡೆಗುಂಟ ನಡೆದು ಪಕ್ಕಕ್ಕೆ ಬಂದೆ. ಕೈ ಭುಜದ ಮೇಲಿಲ್ಲ, ಹಿಂದೆ, ಕುರ್ಚಿಯ ಬೆನ್ನಿನ ಮೇಲಿದೆ, ಅಯ್ಯ ನನ್ನ ಹುಚ್ಚೇ, ಮೌಸಿನ ಹಾಗೆಯೇ ಮೋಸಹೋದೆ, ನಗು ಬಂತು, ಒಂದು ಗುಟುಕು ನೀರೂ ಇಳಿಯಿತು — ಪೂನಂ ಹಿಂದಕ್ಕೊರಗುತ್ತಾಳೆ, ಅವನ ಬೆರಳುಗಳು ಹಿಂದೆ ಸರಿಯುತ್ತವೆ, ಮುಂದೆ ಬಾಗುತ್ತಾಳೆ, ಮತ್ತೆ ಬರುತ್ತವೆ, ತಾಗುವುದಿಲ್ಲ, ಅವನು ಪರದೆ ನೋಡುತ್ತಿಲ್ಲ, ನಡುವಿನ ಆ ಸಂದನ್ನೇ ನೋಡುತ್ತಿದ್ದಾನೆ, ಉಸಿರು ಬಿಗಿಹಿಡಿದು, ನನ್ನನ್ನಾದರೆ ಸರಿ ಅತ್ಲಾಗ ಅಂತ ಭುಜ ಹಿಡಿದೇ ಸರಿಸುತ್ತಾನೆ, ಅಡುಗೆಮನೆಯಲ್ಲಿ, ಪಾತ್ರೆ ಸರಿಸಿದ ಹಾಗೆ, ಎಂದೂ ಯೋಚಿಸಿಲ್ಲ, ಎಂದೂ ಹೆದರಿಲ್ಲ — ಅವನ ಬೆರಳು, ಅವಳ ಭುಜ, ನಡುವೆ ಅವನು ಇಷ್ಟು ಜೋಪಾನ ಮಾಡುತ್ತಿರುವ ಆ ಸಂದು, ಕೂದಲು ತೂರುವಷ್ಟು, ನನ್ನ ಜೊತೆ ಅವನಿಗೆ ಎಂದೂ ಬೇಕಾಗದ ಆ ಸಂದು.