ಗೂಡಿನ ಹಾರ

ಉಪ್ಪಿಟ್ಟಿಗೆ ಉಪ್ಪು ಒಂದು ಚೂರು ಹೆಚ್ಚಾಯಿತು, ಯಾರೂ ಹೇಳುತ್ತಿಲ್ಲ, ತೊಂಡೇಬಾವಿಯಿಂದ ಬಂದ ಹುಡುಗನ ತಾಯಿ ರಾಮಲಕ್ಷ್ಮಮ್ಮ ಮಾತ್ರ ಎರಡನೆಯ ಸಲ ನೀರು ಕುಡಿದಳು — ವೆಂಕಟರತ್ನಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಾಳೆ, ಕಾಲು ಸೇದುತ್ತಿದೆ, ನಸುಕಿನಲ್ಲೇ ಎದ್ದು ರೇಷ್ಮೆಹುಳಕ್ಕೆ ಸೊಪ್ಪು ಹಾಕಿ, ನೆಲ ಸಾರಿಸಿ, ಇದು ಮೂರನೆಯ ಸಂಬಂಧ, ಇದಾದರೂ ಕೂಡಿಬರಲಿ, ವರಲಕ್ಷ್ಮಿಗೆ ಇಪ್ಪತ್ತು ತುಂಬಿತು, ಮೊದಲಿನ ಇಬ್ಬರೂ ಉಂಡು ಹೋಗಿ ಶಿಡ್ಲಘಟ್ಟದಲ್ಲಿ ಯಾರನ್ನೋ ವಿಚಾರಿಸಿದರು, ಆ ಮನೇಲಿ ಕ್ಷಯ ಬಂದು ಒಂದು ಹುಡುಗಿ ಹೋಗಿದೆಯಂತೆ, ಅಷ್ಟೇ, ಒಂದು ಕಾಗದವೂ ಬರಲಿಲ್ಲ. ಅದಕ್ಕೇ ಈ ಸಲ ಗಂಡ ಮುನಿಗಂಗಪ್ಪ ಮೊದಲೇ ಹೇಳಿಟ್ಟಿದ್ದ, ಒಬ್ಬಳೇ ಮಗಳು ಅಂತೀನಿ ಕಣೇ, ಇವತ್ತೇ ತಾಂಬೂಲ ಬದಲಾಯಿಸ್ಬಿಡಣ, ನೀನು ಬಾಯಿ ಬಿಡಬೇಡ, ಆ ಹಾರಾನೂ ತೆಗೆದಿಡು. ತೆಗೆಯಬೇಕಿತ್ತು. ಕೈ ಚಾಚಿದ್ದಳು ಕೂಡ, ಅಷ್ಟರಲ್ಲಿ ಹಾಲು ಉಕ್ಕಿತು — ಹಾಲು ಉಕ್ಕಿತೋ, ಮನಸ್ಸೇ ಬರಲಿಲ್ಲವೋ, ಈಗ ಯಾರಿಗೆ ಗೊತ್ತು.

ಕನ್ನಡಿಯ ಮೇಲಿನ ಮೊಳೆಯಲ್ಲಿ ತೂಗುತ್ತಿದೆ, ಚಿಟ್ಟೆ ತೂತು ಮಾಡಿಕೊಂಡು ಹೋದ ರೇಷ್ಮೆಗೂಡುಗಳು, ನೂಲು ಬಿಚ್ಚಲು ಬಾರದವು, ಮಕ್ಕಳ ಆಟಕ್ಕೆ ಬಿಟ್ಟವು, ಶ್ಯಾಮಲ ಒಂದೊಂದರ ಬಾಯನ್ನೂ ಕಚ್ಚಿ ಕಚ್ಚಿ ಎಸಳು ಬಿಡಿಸಿ, ಕುಂಕುಮದ ನೀರಲ್ಲಿ ಅದ್ದಿ, ಅಮ್ಮಾ ನೋಡಮ್ಮಾ ಕಣಗಲೆ ಹೂವು, ಮುಂದಿನ ಹಲ್ಲು ಬಿದ್ದಿತ್ತಲ್ಲ, ಅದಕ್ಕೇ ಪ್ರತಿ ಎಸಳಿನಲ್ಲೂ ಹಲ್ಲಿನ ಗುರುತಿನ ನಡುವೆ ಒಂದು ಸಂದು, ತುಟಿಯೆಲ್ಲ ಕೆಂಪು, ಆ ಕೆಂಪು ಕುಂಕುಮದ್ದಲ್ಲ ಎಂದು ಗೊತ್ತಾಗಿದ್ದು ಆಮೇಲೆ — ಲೋಟ ಬೇರೆ ಇಡಿ, ತಟ್ಟೆ ಬೇರೆ ಇಡಿ, ಎಂಜಲು ಮುಟ್ಟಬೇಡಿ ಅಂದರು ಡಾಕ್ಟರು, ಮದನಪಲ್ಲಿಯ ಕ್ಷಯದ ಆಸ್ಪತ್ರೆಗೆ ಕರಕೊಂಡು ಹೋಗಿ ಅಂದರು, ಗಾಡಿ ಕಟ್ಟುವಷ್ಟರಲ್ಲಿ ಮುಗಿದಿತ್ತು, ಎಂಟೇ ವರ್ಷದವಳು. ಚಾಪೆ, ದಿಂಬು, ಲಂಗ, ಎಲ್ಲ ಹಿತ್ತಲಲ್ಲಿ ಸುಟ್ಟರು, ಇದೊಂದನ್ನು ಇವಳು ಖಾಲಿ ಗುಡಾಣದಲ್ಲಿ ಬಚ್ಚಿಟ್ಟಳು, ಆಮೇಲೆ ಯಾವಾಗಲೋ ಮೊಳೆಗೆ ತೂಗುಹಾಕಿದಳು, ಹನ್ನೊಂದು ವರ್ಷವಾಯಿತು. ಏಮ್ಮಾ ವರಲಕ್ಷ್ಮಿ, ಅದು ನೀನು ಮಾಡಿದ್ದಾ, ರಾಮಲಕ್ಷ್ಮಮ್ಮ ಕೇಳುತ್ತಿದ್ದಾಳೆ, ಹುಡುಗಿ ತಾಯಿಯ ಮುಖ ನೋಡಿದಳು, ಮುನಿಗಂಗಪ್ಪನೇ ಮುಂದಾದ, ಅವಳದೇ ಕೈಕೆಲಸ ಕಣಮ್ಮ, ಚಿಕ್ಕೋಳಿದ್ದಾಗ ಮಾಡಿದ್ದು, ಈ ಉಪ್ಪಿಟ್ಟೂ ಅವಳೇ. ಉಪ್ಪಿಟ್ಟಿನ ಮಾತು ಬಿಡಿ ಬೀಗರೇ, ಹುಡುಗಿ ಕೈ ಧಾರಾಳ ಅಂತ ಆಗ್ಲೇ ಗೊತ್ತಾಯ್ತು. ಎಲ್ಲರೂ ನಕ್ಕರು, ಬೀಗರು ಅಂದಳಲ್ಲ, ಬಾಯ್ತಪ್ಪಿ ಬರುವ ಮಾತಲ್ಲ ಅದು, ಒಪ್ಪಿದ್ದಾಳೆ.

ಇಳಿಸಿ ಕೊಡಮ್ಮ ನೋಡಣ, ಇದನ್ನೂ ಹುಡುಗಿ ಜೊತೆ ಕಳಿಸ್ಬಿಡಿ, ನಮ್ಮನೆ ಗೋಡೆ ಬೋಳಾಗಿದೆ. ವರಲಕ್ಷ್ಮಿ ಇಳಿಸಿ ಕೊಟ್ಟಳು. ಹೋಗಲಿ, ವೆಂಕಟರತ್ನಮ್ಮನಿಗೆ ಅಲ್ಲೇ ಕುಕ್ಕರಿಸಬೇಕು ಅನ್ನಿಸುತ್ತದೆ, ಹೋಗಲಿ, ಹೆಸರನ್ನೇ ನುಂಗಿಕೊಂಡ ಮೇಲೆ ಹಾರ ಇದ್ದರೇನು ಹೋದರೇನು, ಇರುವವಳು ಬದುಕಬೇಕಲ್ಲ, ಅಲ್ಲಿ ಗೋಡೆಯ ಮೇಲಾದರೂ ಅಕ್ಕ ತಂಗಿ ಒಂದೇ ಮನೆಯಲ್ಲಿ — ರಾಮಲಕ್ಷ್ಮಮ್ಮನ ತೊಡೆಯ ಮೇಲೆ ಅವಳ ಮೊಮ್ಮಗು, ಇನ್ನೂ ವರ್ಷ ತುಂಬಿಲ್ಲ, ಕೈಗೆ ಸಿಕ್ಕಿದ ಗೂಡನ್ನು ಬಾಯಿಗೆ ಹಾಕಿಕೊಂಡಿದೆ. ಹನ್ನೊಂದು ವರ್ಷ ಆಯ್ತು, ಒಣಗಿ ಹೋಗಿದೆ, ಏನೂ ಆಗಲ್ಲ, ಎಷ್ಟು ಸಲ ಬಿಸಿಲಿಗೆ ಹಾಕಿದ್ದೀನಿ, ಎಂಜಲು ಮುಟ್ಟಬೇಡಿ, ಮುನಿಗಂಗಪ್ಪ ಎಲೆ ಅಡಿಕೆ ತಟ್ಟೆ ಎತ್ತಿಕೊಂಡ, ಇನ್ನೊಂದು ಗಳಿಗೆ ಸುಮ್ಮನಿದ್ದರೆ ಮುಗಿಯಿತು, ಸುಮ್ಮನಿರು, ಮಗು ಚೀಪುತ್ತಿದೆ, ಶ್ಯಾಮಲ ಕಚ್ಚಿದ ಜಾಗದಲ್ಲೇ ಚೀಪುತ್ತಿದೆ —

ಕಿತ್ತುಕೊಂಡಿದ್ದು ತಾನೇ. ಮಗು ಕಿರುಚಿಕೊಂಡಿತು. ಇದ್ಯಾಕಮ್ಮ ಹಂಗೆ ಕಿತ್ಕೊಂಡೆ, ಕೂಸಿನ ಕೈಯಿಂದ. ಗಂಡನ ಕಣ್ಣು ಬೇಡ ಬೇಡ ಅನ್ನುತ್ತಿದೆ. ಇದು ಶ್ಯಾಮಲಂದು, ನನ್ನ ಚಿಕ್ಕ ಮಗಳು, ಕ್ಷಯ ಆಗಿತ್ತು ಅವಳಿಗೆ, ಮೊದಲು ಮಗೂ ಬಾಯಿ ತೊಳೀರಿ — ಯಾರ ದನಿ ಇದು, ಇಷ್ಟು ಸಲೀಸಾಗಿ, ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಆ ಹೆಸರು ಎತ್ತಿದವರಿಲ್ಲ. ವರಲಕ್ಷ್ಮಿ ಚೊಂಬಿಗೆ ಓಡಿದಳು, ತಟ್ಟೆ ನೆಲಕ್ಕೆ ಕೂತ ಸದ್ದು, ಯಾರೋ ಎದ್ದರು, ಯಾರೋ ಚಪ್ಪಲಿ ಹುಡುಕುತ್ತಿದ್ದಾರೆ, ತಡೆಯಬೇಕು, ಅಂಗೈಯಲ್ಲಿ ಒದ್ದೆ ಗೂಡು, ಕುಂಕುಮ ಬಿಟ್ಟುಕೊಂಡು ಗೆರೆಗಳಿಗೆ ಇಳಿಯುತ್ತಿದೆ, ಎಸಳಿನ ಅಂಚಿಗೆ ಈ ಕಡೆ ಒಂದು ಹಲ್ಲು, ಆ ಕಡೆ ಒಂದು ಹಲ್ಲು, ನಡುವೆ ಸಂದು.