ತೇಲಿದ ಮೊಟ್ಟೆ

ಬಕೆಟ್ಟಿನ ನೀರಿಗೆ ಬಿಟ್ಟ ಮೊಟ್ಟೆ ಮುಳುಗಲಿಲ್ಲ, ತೇಲಿತು. ಇರ್ಮಾ ಬೆರಳಿಂದ ಅದುಮಿದಳು, ಮತ್ತೆ ಮೇಲೆದ್ದಿತು.

ಮುಳುಗಿದರೆ ಹೊಸ ಮೊಟ್ಟೆ, ಒಳಗೆ ಮರಿ ಇನ್ನೂ ಮೂಡಿಲ್ಲ. ಒರೆಸಿ, ಮೆಕ್ಕೆಜೋಳದ ಎಣ್ಣೆ ಸವರಿ ಗೂಡಿಗೆ ಮರಳಿಸಿದರೆ ಮುಗಿಯಿತು, ಚಿಪ್ಪಿಗೆ ಗಾಳಿಯಾಡದೆ ಅದು ಒಡೆಯುವುದೇ ಇಲ್ಲ. ಮೊಟ್ಟೆಯನ್ನೇ ಕದ್ದೊಯ್ದರೆ ಹೆಬ್ಬಾತು ಇನ್ನೊಂದು ಸೂಲು ಮೊಟ್ಟೆ ಇಡುತ್ತದೆ. ಎಣ್ಣೆ ಸವರಿದ್ದರ ಮೇಲಾದರೆ ಏನೂ ತಿಳಿಯದೆ ಕಾವು ಕೂತಿರುತ್ತದೆ. ಆದರೆ ತೇಲಿತೋ, ಒಳಗೆ ಜೀವ ಬಲಿತಿದೆ ಎಂದೇ ಅರ್ಥ. ಅದನ್ನು ಮುಟ್ಟಕೂಡದು. ಹ್ಯೂರಾನ್ ಸರೋವರದ ದಂಡೆಯ ಆ ಊರಿಗೆ ಈ ನಿಯಮ ಕಲಿಸಿದವಳೇ ಇರ್ಮಾ. ಜೀವಮಾನವಿಡೀ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಮಾತು ಖಡಕ್ಕು.

ಈ ಹಕ್ಕಿಗಳಿಂದ ನಗರಸಭೆಗೆ ಸಾಕುಬೇಕಾಗಿತ್ತು. ಉದ್ಯಾನದ ತುಂಬ ಹಿಕ್ಕೆ, ತಳ್ಳುಗಾಡಿಯ ಕೂಸಿನ ಮೇಲೂ ಬುಸುಗುಟ್ಟುವ ಗಂಡುಗಳು. ಜೂನ್ ತಿಂಗಳಲ್ಲಿ ಗರಿ ಉದುರಿ ಹಾರಲಾರದ ಹೊತ್ತು ನೋಡಿ ಇಡೀ ಹಿಂಡನ್ನು ಬಲೆಯೊಳಗೆ ಅಟ್ಟಿ, ಲಾರಿಗೆ ತುಂಬಿ ಕೊಲ್ಲಿಸುವ ಠರಾವು ಇನ್ನೇನು ಆಗುವುದರಲ್ಲಿತ್ತು. ಇರ್ಮಾ ಸಭೆಯಲ್ಲಿ ಎದ್ದು ನಿಂತು ಒಂದು ವರ್ಷದ ಅವಕಾಶ ಕೇಳಿದಳು. ಈ ವಸಂತದಲ್ಲಿ ಉದ್ಯಾನದ ಗಿರಣಿ ಕೆರೆಯ ಮೇಲೆ ಒಂದೇ ಒಂದು ಮರಿ ಕಂಡರೂ ಲಾರಿ ಕರೆಸಿ ಎಂದುಬಿಟ್ಟಳು. ಬಾಯಿಂದ ಬಂದ ಮಾತು, ಇನ್ನು ನುಂಗುವ ಹಾಗಿರಲಿಲ್ಲ.

ಎಲ್ಲ ಗೂಡುಗಳೂ ಮುಗಿದವೆಂದು ಉಸಿರು ಬಿಡುವಷ್ಟರಲ್ಲಿ ಗ್ರಂಥಾಲಯದ ಹಿಂದಿನ ಪೊದೆಯಲ್ಲಿ ಇದೊಂದು ಕಂಡಿತ್ತು, ನಾಲ್ಕು ಮೊಟ್ಟೆಯ ಗೂಡು. ಅವಳ ಬಕೆಟ್ಟು ಆ ಬೆಳಿಗ್ಗೆಯೇ ಸೀಳುಬಿಟ್ಟಿದ್ದರಿಂದ ಪಕ್ಕದ ಮನೆಯ ಲಾಯ್ಡ್ ತನ್ನದನ್ನು ತಂದಿದ್ದ. ಈಗ ಅವನು ಕೊಡೆ ಬಿಚ್ಚಿ ಹಿಡಿದು ಗಂಡು ಹೆಬ್ಬಾತನ್ನು ತಡೆಯುತ್ತಿದ್ದ.

“ಹಚ್ಚಿಬಿಡು ಮಾರಾಯ್ತಿ, ನೋಡೋರು ಯಾರಿದ್ದಾರೆ? ನಾಲ್ಕು ಮರಿ ಹೋದ್ರೆ ಹಿಂಡೇ ಉಳಿಯತ್ತೆ,” ಎಂದ.

“ಚಿಪ್ಪೊಳಗೆ ಉಸಿರುಕಟ್ಟಿ ಸಾಯತ್ತೆ ಲಾಯ್ಡ್. ಅದಕ್ಕಿಂತ ಆ ಲಾರಿನೇ ವಾಸಿ.”

ಹೇಳಿದಳೇನೋ ನಿಜ, ಆದರೆ ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಎಣ್ಣೆಯ ಬಟ್ಟೆ ಹಿಡಿದು ಕೂತೇ ಇದ್ದಳು. ಅವನ ಲೆಕ್ಕ ಸರಿಯಾಗಿಯೇ ಇತ್ತು, ಅದೇ ಅವಳ ಸಂಕಟ. ಅಷ್ಟರಲ್ಲಿ ಗಂಡು ಕೊಡೆಗೆ ಢಿಕ್ಕಿ ಹೊಡೆದು, ಬಕೆಟ್ಟು ಉರುಳಿ, ನೀರು ಅವಳ ಮುಖಕ್ಕೆಲ್ಲ ಚಿಮ್ಮಿತು. ಇರ್ಮಾ ಎಣ್ಣೆ ಹಚ್ಚದೆ ಮೊಟ್ಟೆಯನ್ನು ಅದೇ ವಯಸ್ಸಿನ ಉಳಿದ ಮೂರರ ಜೊತೆ ಗೂಡಿಗಿಟ್ಟು, ತುಪ್ಪಳ ಮುಚ್ಚಿ ಎದ್ದಳು.

ಮನೆಯಲ್ಲಿ ಬಟಾಣಿ ಸೂಪು ತಟ್ಟೆಯಲ್ಲೇ ಆರಿತು. ಕಣ್ಣು ಮುಚ್ಚಿದರೆ ಲಾರಿ. ಹಾರಲಾಗದೆ ಒಂದರ ಮೇಲೊಂದು ಏರುವ ಹಕ್ಕಿಗಳು. ಒಂದೇ ಒಂದು ಮರಿ ಎಂದು ಬಡಾಯಿ ಕೊಚ್ಚಿದ ನಾಲಿಗೆಗೆ ಬೆಂಕಿ ಬೀಳ ಎಂದು ತನ್ನನ್ನೇ ಶಪಿಸಿಕೊಂಡಳು. ಒಣಗಿದ ತುಟಿ ನೆಕ್ಕಿಕೊಂಡಾಗ ಉಪ್ಪುಪ್ಪು. ಅತ್ತಿರಲಿಲ್ಲವಲ್ಲ? ತೋಳು ನೋಡಿಕೊಂಡಳು. ನೀರು ಚಿಮ್ಮಿದ ಕಡೆಯೆಲ್ಲ ಬಿಳಿಯ ಅಂಚು ಕಟ್ಟಿತ್ತು.

ಚಪ್ಪಲಿಯನ್ನೂ ಮೆಟ್ಟದೆ ಲಾಯ್ಡ್‌ನ ಅಡುಗೆಮನೆಗೆ ನುಗ್ಗಿ, ಆ ಬಕೆಟ್ಟಿನಲ್ಲಿ ಚಳಿಗಾಲದಲ್ಲಿ ಏನಿಟ್ಟಿದ್ದೆ ಎಂದು ಕೇಳಿದಳು.

“ಇನ್ನೇನಿಡ್ತಾರೆ, ಮೆಟ್ಟಿಲ ಮೇಲಿನ ಮಂಜುಗಡ್ಡೆಗೆ ಎರಚೋ ಉಪ್ಪು.” ಅವನ ಬಾಯಿ ಅಗಿಯುವುದನ್ನು ನಿಲ್ಲಿಸಿತು. “ತಳದಲ್ಲಿ ದಪ್ಪಗೆ ಕೂತಿತ್ತು. ಮಣ್ಣು ಅಂದ್ಕೊಂಡು ಬಿಸಿನೀರು ಹುಯ್ದೆ.”

“ಅಷ್ಟು ಉಪ್ಪಲ್ಲಿ ನೀನೂ ತೇಲ್ತೀಯ ಕಣೋ.”

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಇರ್ಮಾಳ ಸೂಪಿನ ಪಾತ್ರೆಯನ್ನೇ ತೊಳೆದು, ನಲ್ಲಿ ನೀರು ತುಂಬಿ, ಕೊಡೆಯನ್ನೂ ಹಿಡಿದು ಗೂಡಿನತ್ತ ಹೊರಟರು. ಇದರಲ್ಲೂ ತೇಲಿದರೆ? ಇರ್ಮಾ ಮೊಟ್ಟೆಯನ್ನು ಮೆಲ್ಲಗೆ ಬಿಟ್ಟಳು. ಅದು ಸೀದಾ ತಳಕ್ಕಿಳಿದು ಅಡ್ಡ ಮಲಗಿತು. ಉಳಿದವೂ ಹಾಗೇ. ದೇವರೇ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದಳು. ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ, ಮೊದಲಿದ್ದಂತೆಯೇ ಜೋಡಿಸಿ ತುಪ್ಪಳ ಹೊದಿಸಿದಳು.

“ಗೆದ್ದೆ ಕಣೇ, ಇನ್ನು ಲಾರಿ ಬರಲ್ಲ,” ಎಂದ ಲಾಯ್ಡ್.

ಎಷ್ಟೋ ಗೂಡು ಮುಟ್ಟಿದ್ದಳು ಇರ್ಮಾ, ಆದರೆ ತಾಯಿ ಹಿಂದಿರುಗುವುದನ್ನು ನಿಂತು ನೋಡಿದವಳಲ್ಲ. ಕೆಲಸ ಮುಗಿದ ಕೂಡಲೇ ಹೊರಟುಬಿಡುತ್ತಿದ್ದಳು. ಇಂದು ಪೊದೆಯ ಪಕ್ಕ ಹುಲ್ಲಿನ ಮೇಲೆ ಕುಳಿತಳು. ಹೆಬ್ಬಾತು ಬಂತು. ತುಪ್ಪಳ ಸರಿಸಿತು. ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಮಗುಚಿ, ಎದೆಯ ಕೆಳಗೆ ಎಳೆದುಕೊಂಡು ಕೂತಿತು.

“ಎಷ್ಟು ದಿನ ಕೂತಿರತ್ತೆ ಅದು?” ಲಾಯ್ಡ್ ಮೆಲ್ಲಗೆ ಕೇಳಿದ.

ಸಭೆಯಲ್ಲಿ ಯಾರೋ ಇದನ್ನೇ ಕೇಳಿದಾಗ, ಮರಿ ಬರಲೊಲ್ಲದೆಂದು ಬೇಸತ್ತು ತಾನೇ ಏಳುವವರೆಗೆ ಎಂದು ಅವಳು ಥಟ್ಟನೆ ಉತ್ತರ ಕೊಟ್ಟಿದ್ದಳು. ಈಗ ಪಾತ್ರೆಯ ನೀರನ್ನು ಹುಲ್ಲಿಗೆ ಚೆಲ್ಲಿದಳು.

“ಕೊಡೆ ಮಡಚು ಲಾಯ್ಡ್. ಹೋಗೋಣ.”